ಎರಡೂವರೆ ವೋಲ್ಟು

ಗುತ್ಯಮ್ಮನ ಫೋನು ಬಂದಾಗ ನಾನು ಸಾಗರದಲ್ಲಿ
ಐಸ್‌ಕ್ರೀಮಿನಂಗಡಿಯ ಫ್ರೀಜರಿನೊಳಗೆ ತಲೆ ಹಾಕಿದ್ದೆ.
"ಗುಂಯ್ ಅಂತದೆ, ತಣ್ಣಗಾಗದಿಲ್ಲ." ಅಷ್ಟೇ.
ಹಿಂದೆ ನೀರಿನ ಸದ್ದು, ಯಾವುದೋ ಹಕ್ಕಿಯ ಬೈಗುಳ.

ಗ್ಯಾಸು ಸೋರಿರಬೇಕು ಅಂದುಕೊಂಡೆ.
ಹತ್ತರಲ್ಲಿ ಎಂಟು ಸಲ ಹಾಗನ್ನುತ್ತೇವೆ,
ಹತ್ತರಲ್ಲಿ ಮೂರು ಸಲ ಹಾಗಿರುತ್ತದೆ.
ಸಿಲಿಂಡರನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟು
ಹೊಳೆಬಾಗಿಲಿನ ಬಸ್ಸಿನಲ್ಲಿ ಕೂತೆ.
ಕಂಡಕ್ಟರು ಅದಕ್ಕೂ ಅರ್ಧ ಟಿಕೇಟು ಹರಿದ.

ಫೈಬರಿನ ದೋಣಿ. ಮೊದಲು ಟೂರಿಸ್ಟರನ್ನು ಸುತ್ತಿಸುತ್ತಿತ್ತು.
ಈಗ ಹಿನ್ನೀರಿನ ನಡುಗಡ್ಡೆಗಳಲ್ಲಿ ಬಲೆ ಬಿಡುವವರಿಂದ
ಕಾಟ್ಲಾ, ರೋಹು, ಜಿಲೇಬಿ ಮೀನು ಹೊತ್ತು ತರುತ್ತದೆ.
ಹಲಗೆಯಡಿ ಹನ್ನೆರಡು ವೋಲ್ಟಿನ ತಂಪುಪೆಟ್ಟಿಗೆ,
ಕಾರವಾರದ ಗುಜರಿಯಲ್ಲಿ ಗುತ್ಯಮ್ಮ ಜಗ್ಗಾಡಿ ತಂದದ್ದು;
ಮುಚ್ಚಳದ ಮೇಲೆ ಯಾವ ದೇಶದ್ದೋ ಲಿಪಿ,
ಅರ್ಧ ಕೆರೆದುಹೋದ ತಿಮಿಂಗಿಲ.

ತೆರೆದೆ. ಮೂಗು ಮೊದಲು ವರದಿ ಕೊಟ್ಟಿತು.
"ನಿನ್ನೆಯ ಮೀನು" ಅಂದಳು ಅವಳು.
ಮೊನ್ನೆಯದು, ಅಂದಿತು ಮೀನು.

ಇನಾಸ ಮೇಸ್ತ್ರಿ ಹೇಳುತ್ತಿದ್ದರು:
ಕೈ ಆಮೇಲೆ ಹಚ್ಚು, ಮೊದಲು ಕಿವಿ ಹಚ್ಚು.
ಯಂತ್ರ ಸುಳ್ಳು ಹೇಳುವುದಿಲ್ಲ. ಯಜಮಾನ ಹೇಳುತ್ತಾನೆ,
ಅವನಿಗಿಂತ ಒಂದು ತೂಕ ಹೆಚ್ಚು, ರಿಪೇರಿಯವನು.

ಹಚ್ಚಿದೆ. ಕಂಪ್ರೆಸರು
ಮೊಣಕಾಲು ಹಿಡಿದು ಏಳಲು ನೋಡುತ್ತದೆ,
ಹ್ಞೂಂ ಅನ್ನುತ್ತದೆ, ಮತ್ತೆ ಕೂರುತ್ತದೆ.
ಪಕ್ಕದಲ್ಲಿ ಸಾಸಿವೆಯಷ್ಟು ಕೆಂಪು ದೀಪ.
ಒಂದು ಸಲ ಮಿನುಗಿ ಸುಮ್ಮನಾಗುತ್ತದೆ.
ಒಂದು ಸಲ ಮಿನುಗಿ
ಸುಮ್ಮನಾಗುತ್ತದೆ.
ಐದು ಸಲವಾದರೆ ಮೈ ಬಿಸಿಯೇರಿದೆ ಎಂದು.
ಎರಡಾದರೆ ಫ್ಯಾನಿನ ತಂಟೆ.
ಒಂದೇ ಅಂದರೆ: ನನಗೆ ಊಟ ಸಾಲುತ್ತಿಲ್ಲ.

ಬ್ಯಾಟರಿಗೆ ಮೀಟರು ಹಿಡಿದೆ. ಹನ್ನೆರಡೂವರೆ.
"ಹೊಸದು, ಹೋದ ದೀಪಾವಳಿಗೆ ಹಾಕ್ಸಿದ್ದು" ಅಂದಳು.
ಪೆಟ್ಟಿಗೆಯ ಬಾಯಿಗೆ ಹಿಡಿದೆ. ಅಲ್ಲೂ ಹನ್ನೆರಡೂವರೆ.
ಮತ್ತೆ?
ಕಡ್ಡಿ ಕದಲಿಸದೆ ಕಾದೆ, ಅದು ಏಳುವ ಗಳಿಗೆಗೆ.
ಎದ್ದಿತು: ಹತ್ತು.
ಎರಡೂವರೆ ವೋಲ್ಟನ್ನು ದಾರಿಯಲ್ಲಿ ಯಾರೋ ತಿಂದಿದ್ದಾರೆ.
ಸುಮ್ಮನೆ ಕೂತಾಗ ಎಲ್ಲರದೂ ಹನ್ನೆರಡೂವರೆಯೇ.

"ಈ ನೀರು ಜೋಗದ ಕೆಳಗೆ ಇಳಿದು ಊರಿಗೆಲ್ಲ ಕರೆಂಟಾಗ್ತದಂತೆ,
ಮೇಲೆ ಕೂತ ನನ್ನ ಮೀನಿಗೆ ಎರಡು ವೋಲ್ಟಿಗೆ ಬರಗಾಲ"
ಅಂತ ಅವಳು ನೀರಿಗೇ ಹೇಳುತ್ತಿದ್ದಳು.
ನಾನು ವಯರಿನ ಹಿಂದೆ ಹೊಟ್ಟೆಯ ಮೇಲೆ ತೆವಳಿದೆ:
ಹಗ್ಗ, ಒಂಟಿ ಚಪ್ಪಲಿ, ಹರಿದ ಬಲೆ,
ಎಂಜಿನ್ನಿನ ಹಿಂದೆ ಫ್ಯೂಸಿನ ಗೂಡು. ಒಳಗೆಲ್ಲ ಹಸಿರು.
ಪಾಚಿಯಲ್ಲ, ತಾಮ್ರದ ಕಿಲುಬು.
ಅಲ್ಲಿಂದಾಚೆಗೊಂದು ಸಪೂರ ವಯರು,
ಮದುವೆ ಮನೆಗೆ ಮಿಣಿಮಿಣಿ ದೀಪ ಎಳೆಯುವಂಥದ್ದು.
ಗಂಟಿಗೆ ಟೇಪು. ಟೇಪು ಬಿಚ್ಚದಂತೆ ಮೇಲೆ
ಮೂರು ಸುತ್ತು ಹಳದಿ ದಾರ.

ಹಳದಿ ದಾರ ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಸುತ್ತುವುದು.

ಎರಡು ವರ್ಷದ ಹಿಂದೆ. ಕೊನೆಯ ಬಸ್ಸು ತಪ್ಪೀತೆಂದು
ಕೈಗೆ ಸಿಕ್ಕಿದ್ದನ್ನು ಜೋಡಿಸಿದ್ದೆ.
"ಸದ್ಯಕ್ಕೆ" ಅಂದಿರಬೇಕು. ಅನ್ನುತ್ತಿರುತ್ತೇನೆ.

"ಯಾರು ಮಾಡಿದ ಘನಂದಾರಿ ಕೆಲಸ?" ಮೇಲಿನಿಂದ ಕೇಳಿದಳು.
"ಯಾರೋ ಸಾಗರದವನು."
"ಸಾಗರದವರೇ ಹಾಗೆ."

ಮರಳು ಕಾಗದದಲ್ಲಿ ಕಿಲುಬು ಉಜ್ಜಿದೆ,
ತಾಮ್ರ ಹೊಸ ಬೋಗುಣಿಯ ಬಣ್ಣಕ್ಕೆ ಬರುವ ತನಕ.
ಹೆಬ್ಬೆರಳ ಗಾತ್ರವಲ್ಲದಿದ್ದರೂ ಕಿರುಬೆರಳ ವಯರು ಎಳೆದೆ.
ಕೆಂಪು ದೀಪ ಏನೂ ಹೇಳಲಿಲ್ಲ.
ಕಾಲು ಗಂಟೆಗೆ ತಗಡು ಬೆವರಿತು,
ಅರ್ಧ ಗಂಟೆಗೆ ಅಂಗೈ ಅಂಟಿಕೊಂಡು
ಕೀಳುವಾಗ ಸಣ್ಣಗೆ ಉರಿಯಿತು.

"ಎಷ್ಟಾತು?"
"ವಯರಿನ ದುಡ್ಡು ಕೊಡು, ಸಾಕು."
"ಗ್ಯಾಸು?"
"ಗ್ಯಾಸಿಗೇನೂ ಆಗಿಲ್ಲ."

ಹಳಸಿದ ಮೀನನ್ನು ಒಂದೊಂದೇ ನೀರಿಗೆ ಬಿಡುತ್ತ,
ನನ್ನತ್ತ ತಿರುಗದೆ ಕೇಳಿದಳು:
"ಈ ಸಲ ಹಳದಿ ದಾರ ಸುತ್ತಲಿಲ್ಲ?"

ಉಂಡೆ ಕಿಸೆಯಲ್ಲೇ ಇತ್ತು.
ಮತ್ತೆ ಹೊಟ್ಟೆಯ ಮೇಲೆ ತೆವಳಿದೆ.