ಸೂಜಿಯಿಲ್ಲದೆ

ಕಾಲಿನ ಹೆಬ್ಬೆರಳಿಗೆ ದಾರದ ಕುಣಿಕೆ,
ಮಡಿಲಲ್ಲಿ ಸ್ಟೀಲಿನ ತಟ್ಟೆ,
ತಟ್ಟೆಯಲ್ಲಿ ಸಾಸಿವೆಯ ತಂಗಿಯಂಥ ಕರಿಯ ಪೋತು.
ಹೀಗೆ ಕೂತರೆ ಫ್ಯಾನು ಹಾಕುವಂತಿಲ್ಲ,
ಸೀನುವಂತಿಲ್ಲ,
ಬಾಗಿಲು ಬಡಿದವರಿಗೆ ಎದ್ದು ತೆರೆಯುವಂತಿಲ್ಲ.
ಕಾಲು ಕಟ್ಟಿದ ಕೋಳಿ ನಾನು,
ಕೂತಲ್ಲಿಂದಲೇ ಕೂಗುತ್ತೇನೆ: ತಳ್ಳಿಕೊಂಡು ಬನ್ನಿ.

ಬಂದವಳು ಮೇಲೂರಿನ ಮುನಿನಂಜಮ್ಮ.
ಕರ್ಚೀಫಿನ ಗಂಟು ಬಿಚ್ಚಿ ಸುರಿದಳು.
'ಸೊಸೆ ಕರಿಮಣಿ ಕಣಮ್ಮ, ಕಿತ್ತಾಕ್ಬಿಟ್ಟವ್ನೆ ಮೊಮ್ಮಗ.
ಗುಂಡು ಎಂಟು, ಹವಳ ನಾಕು, ನೀನೂ ಎಣಿಸ್ಕೊ.'
ಅವಳ ಮುಂದೆ ಕರಿಮಣಿ ಎನ್ನುತ್ತೇನೆ,
ನಮ್ಮ ಓಣಿಯಲ್ಲಿ ಕಾಲೀ ಪೋತ್.
ಮಣಿ ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳದು,
ಈ ಕಿವಿಯಿಂದ ಆ ಕಿವಿಗೆ ತೂತಿರುವ ಜಾತಿ ಅದು.

ಕೆಲಸ ಕಲಿಸಿದ್ದು ಪ್ಯಾರಿಬೀ, ನನ್ನಪ್ಪನ ಅಮ್ಮ.
ಶಿಡ್ಲಘಟ್ಟ ಇನ್ನೂ ಹೊದ್ದು ಮಲಗಿರುವಾಗ
ಅವಳು ಚರಕದ ಮುಂದೆ.
ಬಾನಿಯ ಬಿಸಿನೀರಲ್ಲಿ ಗೂಡು ಕುಣಿಯುತ್ತಿದ್ದವು,
ಬರಿಗೈ ಅದ್ದಿ ಎಳೆಯ ತುದಿ ಹುಡುಕುತ್ತಿದ್ದಳು,
ಇಪ್ಪತ್ತೆಂಟು ವರ್ಷ.
ಬೆಂದು ಬೆಂದು ರೇಖೆ ಅಳಿದು
ಬೆರಳ ತುದಿಗಳು ಸುಲಿದ ಹಲಸಿನ ಬೀಜ.
ಕಡೆಗಾಲದಲ್ಲಿ ರೇಷನ್ ಅಂಗಡಿಯ ಯಂತ್ರ
ಅವಳನ್ನು ಗುರುತಿಸಲೇ ಇಲ್ಲ.
ಒತ್ತು. ಒರೆಸಿ ಒತ್ತು. ಇನ್ನೊಂದು ಬೆರಳು ಒತ್ತು.
'ನಾನೇ ಕಣಪ್ಪಾ ನಾನು' ಎಂದು ಯಂತ್ರಕ್ಕೇ ಹೇಳಿ
ಖಾಲಿ ಚೀಲ ಮಡಚಿಕೊಂಡು ಬಂದಳು.

ಆ ಬೆರಳಿಗೆ ಪೋತಿನ ತೂತು ತಿಳಿಯುವುದೆಲ್ಲಿ?
ಅದಕ್ಕೇ ತುಟಿ.
ಕೆಳತುಟಿಯ ಮೇಲೊಂದು ಮಣಿ ಕೂರಿಸಿ
ನಾಲಿಗೆಯ ತುದಿಯಲ್ಲಿ ಹೊರಳಿಸಿ
ಇಲ್ಲಿದೆ ಎಂದು ಹುಬ್ಬಿನಲ್ಲೇ ಹೇಳುತ್ತಿದ್ದಳು.
ಸೂಜಿ ಕೊಡಹೋದರೆ 'ನಕ್ಕೋ ಬೇಟೀ'.
ಹಸಿ ರೇಷ್ಮೆಯ ಮೂರೆಳೆ ತೊಡೆಯ ಮೇಲೆ ಹೊಸೆದು
ತುದಿಗೆ ಎಂಜಲು ಸವರಿ ಬಿಸಿಲಿಗೆ ಹಿಡಿದರೆ
ಹುಳದ ಅಂಟೇ ಸೆಟೆದು ದಾರವೇ ಸೂಜಿ.
ಸತ್ತ ಹುಳದ ಉಗುಳು, ಬದುಕಿದವಳ ಉಗುಳು,
ಎರಡೂ ಬೇಕು ಮದುವೆಯ ಲಚ್ಚಾಕ್ಕೆ.

ದಾದಾ ತೀರಿದ ದಿನ
ಬಳೆ ಒಡೆಸಿದವರೇ ಲಚ್ಚಾಕ್ಕೆ ಕತ್ತರಿ ತಂದರಂತೆ.
ಬೇಡ, ಕಟ್ಟಿದವಳು ನಾನು, ಬಿಚ್ಚುವವಳೂ ನಾನು
ಎಂದು ಹದಿನೆಂಟು ಎಳೆಯ ಗಂಟು ಹಲ್ಲಿನಲ್ಲಿ ಸಡಿಲಿಸಿ
ಒಂದು ಮಣಿಯೂ ನೆಲ ಮುಟ್ಟದ ಹಾಗೆ
ಪೌಡರ್ ಡಬ್ಬಿಗೆ ಇಳಿಸಿದಳು. ಅಳು ಆಮೇಲೆ.

ಡಬ್ಬಿ ಈಗ ನನ್ನದು.
ಕುಲುಕಿದರೆ ರಾಗಿ ಜರಡಿಯ ಸದ್ದು.
ತಮ್ಮನ ಮಗಳು ತಹಸೀನ್ ಕೇಳಿದಳು ಮದುವೆಗೆ:
ಫೂಫೂ, ದಾದಿಯ ಪೋತೇ ಹಾಕು.
ವಿಧವೆಯ ಮಣಿ ಮದುಮಗಳಿಗೇ, ಎಂದರು ದೊಡ್ಡವರು.
ನಾನು ಜಗಳವಾಡಲಿಲ್ಲ, ಅವಳಿಗೆ ಹೊಸದು ಕಟ್ಟಿದೆ.
ಹಳೆಯದನ್ನು ವರ್ಷಗಟ್ಟಲೆ
ತೆಗೆಯುವುದು, ನೋಡುವುದು, ಮುಚ್ಚುವುದು.

ನಲವತ್ತಾರಕ್ಕೆ ನನ್ನ ಹತ್ತಿರದ ಕಣ್ಣು ಹೋಯಿತು.
ಎಚ್ ಕ್ರಾಸಿನ ಶಿಬಿರದಲ್ಲಿ ಕೊಟ್ಟ ಕನ್ನಡಕ
ಅಕ್ಕಿ ಡಬ್ಬದಲ್ಲಿ ಒಮ್ಮೆ, ಕೋಳಿಗೂಡಿನ ಮೇಲೊಮ್ಮೆ,
ಹುಡುಕಿ ಹುಡುಕಿ ಬೈದುಕೊಳ್ಳುವಾಗ ನೆತ್ತಿಯ ಮೇಲೆ.

'ಇದ್ಯಾರಿಗೆ ಇಷ್ಟುದ್ದ?' ಮುನಿನಂಜಮ್ಮ ಬಗ್ಗಿದಳು.
ಕನ್ನಡಕಕ್ಕೆ, ಎಂದೆ.
'ಅಯ್ಯೋ ನಿನ್ನ, ಕನ್ನಡಕಕ್ಕೂ ಮದ್ವೇನಾ?'
ನಗಿಸಬೇಡ, ಮಣಿ ಹಾರುತ್ತದೆ, ಎಂದು
ನಾನೇ ಮೊದಲು ನಕ್ಕೆ.
ಎರಡು ಮಣಿ ಹಾರಿದವು. ಅವಳು ಹುಡುಕಿ ಕೊಟ್ಟಳು.

ಕಡೆಯ ಗಂಟು ಕನ್ನಡಕದ ಕಡ್ಡಿಗೇ ಬೀಳಬೇಕು.
ತೆಗೆದೆ. ತಟ್ಟೆ, ಬೆರಳು, ಮುನಿನಂಜಮ್ಮ
ಎಲ್ಲ ಕಲಸಿದ ಹಿಟ್ಟು.
ಉಳಿದದ್ದು ಒಂದೇ ಮಣಿ, ಅದರ ಬಾಯಿ ಕಾಣದು.
ತುಟಿಗೆ ಇಟ್ಟುಕೊಂಡೆ.
ಪೌಡರಿನ ವಾಸನೆ ಇನ್ನೂ ಹೋಗಿಲ್ಲ.
ಹೊರಳಿಸಿದೆ, ಇನ್ನೊಂದು ಸಲ,
ಹಾಂ.

ಫ್ಯಾನು ಹಾಕು ಮುನಿನಂಜಮ್ಮ.