ಹದಿನೇಳನೆಯ ದಿನ

ತಲಾಸ್ ಕಣಿವೆ, ಮೊದಲ ಚಳಿಗಾಲ

ಹಿರಿಯರು ನನ್ನ ಕಾವಲಿ ಕೇಳಿ ಕಳಿಸಿದರು.
ರೊಟ್ಟಿಗಲ್ಲ.
ಪ್ರವಾದಿ ಇಟ್ಟಿಗೆಯೊಂದರ ಮೇಲೆ ಪಟ್ಟಣ ಗೀಚಿ
ಅದಕ್ಕೂ ತನಗೂ ನಡುವೆ ಕಬ್ಬಿಣ ನಿಲ್ಲಿಸಿದ್ದನಂತೆ,
ದೇವರು ಮುಖ ತಿರುಗಿಸಿದ್ದಕ್ಕೆ ಗುರುತಾಗಿ.
ಇಟ್ಟಿಗೆ ಸಿಕ್ಕಿತು. ಕಬ್ಬಿಣವೆಂದರೆ
ಇಡೀ ಊರಿಗೆ ನನ್ನದೊಂದೇ ಅಗಲದ್ದು.
ಕೊಟ್ಟೆ.

ಕೊರ್ನೇಲಿಯುಸ್ ವೀಬೆ ಎಡಮಗ್ಗುಲಾಗಿ ಮಲಗಿದರು
ಪ್ರಾರ್ಥನೆಯ ಕೋಣೆಯ ಮಣ್ಣುನೆಲದಲ್ಲಿ,
ಕುರಿತೊಗಲೊಂದು, ದಿಂಬಿಲ್ಲ.
"ಯೆಹೆಜ್ಕೇಲನಿಗೆ ವರುಷಕ್ಕೊಂದು ದಿನ" ಅಂದರು,
"ನಮಗೆ ಗೋರಿಗೊಂದು."
ವೋಲ್ಗಾದಿಂದ ಇಲ್ಲಿಯ ತನಕ ದಾರಿಯುದ್ದ
ಹೂತು ಬಂದದ್ದು ಇಪ್ಪತ್ತೇಳು,
ಹೆಚ್ಚಿನವು ಮೊಳದುದ್ದದವು.
ನನ್ನ ಯುಸ್ಟೀನಾ ಹದಿನೇಳನೆಯವಳು.

ಬರುತ್ತಾನೆ ಅಂದಿದ್ದರು. ಮೂಡಣಕ್ಕೆ ನಡೆದರೆ
ಎದುರುಗೊಳ್ಳಬಹುದು ಅಂದಿದ್ದರು.
ಪುಟದ ಮೇಲೆ ಬೆರಳಿಟ್ಟು ತಾರೀಕನ್ನೂ ಹೇಳಿದ್ದರು.
ಆ ದಿನ ಬಿಳಿ ಉಟ್ಟು ಬಂಡಿಗಳ ಮೇಲೆ ನಿಂತೆವು.
ಸಂಜೆ ಬಂದದ್ದು ಮರಳಗಾಳಿ,
ಅಗಾಥಾಳ ಕೂಸಿಗೆ ಸಿಡುಬು.

ಈಗ ಅದೇ ಪುಸ್ತಕ, ಅದೇ ಬೆರಳು,
ಪುಟ ಮಾತ್ರ ಬೇರೆ:
ಆ ಪಟ್ಟಣ ನಾವು. ಆ ಮುತ್ತಿಗೆ ನಮಗೆ.
ಬೋಳಿಸಿ ಮೂರು ಪಾಲು ಮಾಡಿದ ಕೂದಲಲ್ಲಿ
ಗಾಳಿಗೆ ತೂರಿದ ಪಾಲು ನಾವು.
ಗಂಡಸರು ತಲೆಯಾಡಿಸಿದರು.
ತಪ್ಪು ಲೆಕ್ಕಕ್ಕಿಂತ ದೇವರ ಸಿಟ್ಟೇ ಹಗುರ
ಹೊರುವುದಕ್ಕೆ.

ನಾನೂ ಆಡಿಸಿದೆ, ಸುಳ್ಳು ಯಾಕೆ.
ಯಾರೂ ನೋಡದೆ ಸತ್ತಳು ಅನ್ನುವುದಕ್ಕಿಂತ
ಯಾರೋ ಮುನಿದು ನೋಡುತ್ತಿದ್ದ ಅನ್ನುವುದು
ರಾತ್ರಿಗೆ ಒಂದು ಹೊದಿಕೆ.

ಮರವಿಲ್ಲದ ನಾಡು. ಬುರುಲ್ಚಾ ಕಲಿಸಿದಳು:
ಸಗಣಿಗೆ ಹುಲ್ಲು ಬೆರೆಸಿ, ತುಳಿದು, ಗೋಡೆಗೆ ತಟ್ಟಿ,
ಅಂಗೈ ಗುರುತು ಬಿಳಿಚುವ ತನಕ ಕಾಯುವುದು.
ತೆಜೆಕ್ ಅನ್ನುತ್ತಾಳೆ.
ಅವಳ ನುಡಿಯಲ್ಲಿ ನನಗೆ ಬಂದ ಮೊದಲ ಮಾತು.
ಕಾವಲಿ ಹೋದ ಮೇಲೆ ಕೆಂಡದ ಮೇಲೇ ಸುಟ್ಟೆ,
ಜವೆ, ಅವರೆ, ನವಣೆ ಕಲಸಿದ ಹಿಟ್ಟು,
ಹಿರಿಯರಿಗೆ ತೂಗಿ, ನೀರು ಅಳೆದು,
ಬೂದಿ ಕಚ್ಚಿದ ರೊಟ್ಟಿ. ಹದಿನಾರು ದಿನ.

ಹದಿನೇಳರ ಬೆಳಿಗ್ಗೆ ಅವರ ಕೈ ಮರಗಟ್ಟಿತ್ತು.
"ಅಗಾನೆಟಾ, ನೀನೇ ಓದು" ಅಂದರು.
ಓದಿದೆ.
ರೊಟ್ಟಿಯನ್ನು ಮನುಷ್ಯರ ಹೊಲಸಿನ ಮೇಲೆ ಸುಡು
ಅನ್ನುತ್ತಾನೆ ದೇವರು.
ಪ್ರವಾದಿ ಅಯ್ಯೋ ಅನ್ನುತ್ತಾನೆ.
ಆಗ ದೇವರು, ಸಂತೆಯಲ್ಲಿ ಬೆಲೆ ಇಳಿಸುವವನ ಹಾಗೆ,
ಆಯಿತು, ಹಸುವಿನ ಸಗಣಿಯೇ ಆಗಲಿ.

ನಾನು ಅಲ್ಲೇ ನಿಂತೆ.
"ಮುಂದೆ" ಅಂದರು.
"ಹಿರಿಯರೇ, ಇಲ್ಲಿ ಅವನು ಸೋತಿದ್ದಾನೆ."
"ಮುಂದೆ ಓದು."
"ಅಷ್ಟು ಸಿಟ್ಟಿನ ನಡುವೆ ಒಂದು ಮಾತು ಹಿಂದಕ್ಕೆ ತೆಗೆದುಕೊಂಡ,
ಅದೂ ಒಲೆಯ ವಿಷಯಕ್ಕೆ.
ಆ ಮನುಷ್ಯ ಅಯ್ಯೋ ಅಂದನಲ್ಲ, ಅದಕ್ಕೆ.
ನಾವು ಇಪ್ಪತ್ತೇಳು ಸಲ ನಿನ್ನ ಚಿತ್ತ ಅಂದೆವು.
ಒಂದು ಸಲವಾದರೂ?"

ಅವರು ಗೋಡೆ ನೋಡಿದರು.
ಸೊಂಟದ ಹುಣ್ಣಿಗೆ ಕುರಿಕೊಬ್ಬು ಸವರಿದೆ,
ಬೇಡ ಅನ್ನಲಿಲ್ಲ.
ಆಮೇಲೆ ಬಗ್ಗಿ ಕಾವಲಿ ಎತ್ತಿಕೊಂಡೆ.
ಮಸಿ ಮೇಲಂಗಿಗೆ ಹತ್ತಿತು.
ಅವರಿಗೂ ಇಟ್ಟಿಗೆಯ ಪಟ್ಟಣಕ್ಕೂ ನಡುವೆ
ಬರಿಯ ಗಾಳಿ, ನನ್ನ ನೆರಳು.
ಅದಕ್ಕೂ ಬೇಡ ಅನ್ನಲಿಲ್ಲ.
ನಿದ್ದೆಯಾಗಿತ್ತೋ ಏನೋ.

ಮನೆಯಲ್ಲಿ ಒಲೆ ಹೊತ್ತಿಸಿದೆ.
ಅಯ್ಯೋ ಅಂದೆ,
ಅವಳ ಹೆಸರು ಹಿಡಿದು, ಜೋರಾಗಿ,
ಹೊರಗಿನ ಕುದುರೆ ಕಿವಿ ನಿಮಿರಿಸುವ ಹಾಗೆ.
ತೆಜೆಕ್ಕಿನ ಮೇಲಿನ ಅಂಗೈ,
ನನ್ನದೋ ಬುರುಲ್ಚಾಳದೋ,
ಮೊದಲು ಅದೇ ಕೆಂಪಾಯಿತು.