ಒಂದು ನಿಮಿಷ ನಲವತ್ತು

ಚಿತ್ರದಲ್ಲಿ ನೀನಿದ್ದೀ ಮಾರಾಯ ಎಂದರು,
ಹೋದೆ.
ಬಲ್ಮಠದ ಹಾಲಿನಲ್ಲಿ ನಾವು ಹನ್ನೊಂದು ಜನ,
ಒಂದು ಫ್ಯಾನು.
ಕತೆಯಿಲ್ಲ, ಹಿನ್ನೆಲೆ ಸಂಗೀತವಿಲ್ಲ.
ಜೆಪ್ಪುವಿನಲ್ಲಿ ಕ್ರಿಸ್ಮಸ್ಸಿನ ಹಿಂದಿನ ವಾರ
ಕ್ಯಾಮರಾವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ
ಹುಡುಗ ಚಾಯಕ್ಕೆ ಹೋದಂತಿದೆ.

ಇದಿನಬ್ಬ ಕಾಗದದ ನಕ್ಷತ್ರ ಬಿಡಿಸುತ್ತಾನೆ,
ವಯರಿನ ಗಂಟನ್ನು ಹಲ್ಲಿನಿಂದ ಎಳೆಯುತ್ತಾನೆ,
ಉರಿಯುತ್ತದೆ, ಆರುತ್ತದೆ,
ಬಲ್ಬಿಗೆ ಬೈದು ತಟ್ಟುತ್ತಾನೆ, ಉರಿಯುತ್ತದೆ.
ಇಷ್ಟಕ್ಕೆ ಆರು ನಿಮಿಷ.
ಮುಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು.

ಒಂದು ಅಡುಗೆಮನೆ. ಮುಖ ಕಾಣದು.
ಹೊಸ ಬಾಚಣಿಗೆಯ ಹಲ್ಲಿಗೆ ಹಿಟ್ಟು ಒತ್ತಿ
ಕಿಡಿಯೊ ಸುರುಳಿಸುವ ಕೈ ಮಾತ್ರ.
ಆ ಕೈ ನನಗೆ ಗೊತ್ತು.
ಚರಂಡಿ ಕಟ್ಟಿಕೊಂಡ ದಿನ
ಕಂಪೌಂಡಿನ ಮೇಲಿಂದ
ನನ್ನ ಮೂಗಿನವರೆಗೆ ಬಂದಿತ್ತು.

ಆಮೇಲೆ ನಮ್ಮ ಓಣಿ.
ಗೋಡೆಯ ಮೇಲೆ ಬೆಕ್ಕು.
ಎಲ್ಲೋ ಆಚೆ ಸಿಟಿ ಬಸ್ಸು, ರೈಟ್ ಪೋಯಿ, ಧೂಳು.
ಗೇಟು ತೆಗೆದು ನಾನು ಬರುತ್ತೇನೆ,
ಕಂಕುಳಲ್ಲಿ ಕೆಟ್ಟ ಮಿಕ್ಸಿ.
ಇಷ್ಟು ಬೋಳಾಗಿದೆಯೇ ನನ್ನ ಹಿಂದಲೆ?
ಚಪ್ಪಲಿ ಕೊಡವಿ
ಎಡಗಡೆಯಿಂದ ಹೊರಗೆ ಹೋಗುತ್ತೇನೆ.
ನಾಲ್ಕು ಸೆಕೆಂಡು. ನನ್ನ ಪಾಲು ಮುಗಿಯಿತು.

ಬೆಕ್ಕು ಇನ್ನೂ ಇದೆ.
ಬಲದಿಂದ ಅಪೊಲಿನ್ ಬಾಯಮ್ಮ,
ಕ್ರೋಶಾ ಬಟ್ಟೆ ಮುಚ್ಚಿದ ತಟ್ಟೆ.
ಗೇಟಿನ ಕೊಂಡಿ ತಟ್ಟುತ್ತಾರೆ.
ಒಳಗೆ ಯಾರೂ ಇಲ್ಲ, ಅವರಿಗದು ಗೊತ್ತಿಲ್ಲ.
ಕಾಯುತ್ತಾರೆ. ಬಟ್ಟೆ ಸರಿಮಾಡುತ್ತಾರೆ.
ಮತ್ತೊಮ್ಮೆ ತಟ್ಟುತ್ತಾರೆ, ಮೆಲ್ಲಗೆ,
ಕೇಳದಿದ್ದರೂ ಆದೀತು ಎಂಬಂತೆ.
ಇರುವೆ ಬಂತೇನೋ, ಊದುತ್ತಾರೆ.
ಒಂದು ನಿಮಿಷ ನಲವತ್ತು.
ಬಂದ ದಾರಿಯಲ್ಲೇ ತಿರುಗುತ್ತಾರೆ.

ಈ ಸಲ ಕುಸ್ವಾರ್ ಬರಲಿಲ್ಲ ನೋಡು,
ಅಂಥವರೇ ಅವರು ಎಂದು
ನಾಲ್ಕು ತಿಂಗಳಿಂದ ಹೇಳಿಕೊಂಡು ಬಂದಿದ್ದೇನೆ,
ಇದಿನಬ್ಬನ ಹತ್ತಿರವೂ.

ದೀಪ ಹಾಕಿದರು.
ನಿರ್ದೇಶಕ, ಮೀಸೆ ಪೂರ್ತಿ ಬಾರದ ಹುಡುಗ,
ಪ್ರಶ್ನೆ ಕೇಳಿ ಎಂದ.
ಆ ಓಣಿ ಯಾಕೆ ಅಷ್ಟು ಹೊತ್ತು?
ಬೆಕ್ಕು ಹಾರುತ್ತದೆಂದು ಕಾದೆ ಸರ್,
ಹಾರಲಿಲ್ಲ.

ಮನೆಯಲ್ಲಿ ಸುಗಂಧಿ ಕಾಯಿ ಅರೆಯುತ್ತಿದ್ದಳು,
ನಾಳೆ ಬಿಸು.
ರಿಪೇರಿಯಾದ ಮಿಕ್ಸಿಯ ಸದ್ದಿನ ಮೇಲಿಂದ ಕೂಗಿದಳು,
ಹೇಗಿತ್ತು ಪಿಚ್ಚರ್?
ಕತೆ ಏನೂ ಇಲ್ಲ ಎಂದೆ.
ಪಾಯಸ ಚೆಲ್ಲದಂತೆ
ಮುಚ್ಚಳ ಸರಿ ಕೂರುವ ಒಂದು ಡಬ್ಬಿ
ಎಲ್ಲಿದೆ ನಮ್ಮಲ್ಲಿ?